ಐದು ಜನರ ಆಟ, ಒಬ್ಬನ ತೂಕ: ಸ್ಯಾನ್ ಫ್ರಾನ್ಸಿಸ್ಕೊ ಡಾನ್ಸ್ ಬಾಸ್ಕೆಟ್‌ಬಾಲ್ ತಂಡ ಏರಿದ್ದು, ಮುಚ್ಚಿದ್ದು, ಮತ್ತೆ ತೆರೆದದ್ದು

ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಬುಟ್ಟಿಯ ಕೆಳಗಿನಿಂದ ಫ್ರೀ ಥ್ರೋ (ಫೌಲ್ ಆದಾಗ ಸಿಗುವ, ಯಾರೂ ತಡೆಯದ ಎಸೆತ) ಗೆರೆಯವರೆಗೆ ಬಣ್ಣ ಬಳಿದ ಒಂದು ಪಟ್ಟಿ ಇರುತ್ತದೆ. ಆಟಗಾರರು ಅದನ್ನು ‘ಕೀ’ ಎನ್ನುತ್ತಾರೆ. ಈಗಿನ ಅಗಲವಾದ ಪಟ್ಟಿ ನೋಡಿದರೆ ಆ ಹೆಸರು ಎಲ್ಲಿಂದ ಬಂತೆಂದು ಹೊಳೆಯುವುದಿಲ್ಲ. ಮೊದಲು ಅದರ ಅಗಲ ಬರೀ 6 ಅಡಿ ಇತ್ತು, ತುದಿಯಲ್ಲಿ 12 ಅಡಿ ವ್ಯಾಸದ ವೃತ್ತ. ಮೇಲಿನಿಂದ ನೋಡಿದರೆ ಥೇಟ್ ಬೀಗದ ಕಿಂಡಿ. ಅಮೆರಿಕದ ಕಾಲೇಜು ಆಟದಲ್ಲಿ 1950ರ ದಶಕದ ನಡುಭಾಗದಲ್ಲಿ ಆ 6 ಅಡಿಯನ್ನು ಒಮ್ಮೆಗೇ 12 ಅಡಿ ಮಾಡಿದರು. ಬುಟ್ಟಿಯ ಪಕ್ಕದಲ್ಲೇ ನಿಂತು ಆಟವನ್ನು ಆಳುವ ಎತ್ತರದ ಆಟಗಾರರನ್ನು ದೂರ ತಳ್ಳುವುದು ಇದರ ಉದ್ದೇಶ. ಆಗ ಎಲ್ಲರ ಬಾಯಲ್ಲಿದ್ದ ಹೆಸರು ಬಿಲ್ ರಸೆಲ್. ಅವನು ಆಡುತ್ತಿದ್ದದ್ದು ಸ್ವಂತಕ್ಕೊಂದು ಅಂಗಳವೂ ಇಲ್ಲದಿದ್ದ ಒಂದು ಪುಟ್ಟ ವಿಶ್ವವಿದ್ಯಾಲಯಕ್ಕೆ.

ಅದು ಯೂನಿವರ್ಸಿಟಿ ಆಫ್ ಸ್ಯಾನ್ ಫ್ರಾನ್ಸಿಸ್ಕೊ. ತಂಡದ ಹೆಸರು ಡಾನ್ಸ್ (ಕುಣಿತವಲ್ಲ, ‘ಡಾನ್’ ಎಂಬುದರ ಬಹುವಚನ), ಬಣ್ಣ ಹಸಿರು ಮತ್ತು ಹೊನ್ನು. ಇಟಲಿಯಿಂದ ಬಂದ ಯೇಸುಸಭೆಯ ಪಾದ್ರಿಗಳು 1855ರಲ್ಲಿ ಶಾಲೆಯಾಗಿ ಶುರುಮಾಡಿದ್ದು, ಕಾಲೇಜಾಗಿ ಬೆಳೆದು, 1906ರ ಭೂಕಂಪದಲ್ಲಿ ನೆಲಸಮವಾಗಿ, ಮತ್ತೆ ಎದ್ದು 1930ರಲ್ಲಿ ಈಗಿನ ಹೆಸರು ಪಡೆಯಿತು. ಮಂಗಳೂರಿನವರಿಗೆ ಈ ವಂಶಾವಳಿ ಪರಿಚಿತವೇ: 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಕಟ್ಟಿದವರೂ ಅದೇ ಸಭೆಯ ಇಟಲಿಯ ಪಾದ್ರಿಗಳು. ಈಗಲೂ ಸ್ಯಾನ್ ಫ್ರಾನ್ಸಿಸ್ಕೊದ ಈ ವಿಶ್ವವಿದ್ಯಾಲಯದಲ್ಲಿ ಓದುವವರು ಹತ್ತು ಸಾವಿರದ ಆಸುಪಾಸು ಮಾತ್ರ.

ಇಂಥ ಸಂಸ್ಥೆ ದೇಶಕ್ಕೇ ಎರಡು ಸಲ ಚಾಂಪಿಯನ್ ಆದದ್ದು ಹೇಗೆ, ಅದೇ ಸಂಸ್ಥೆ ಮುಂದೆ ತನ್ನ ತಂಡವನ್ನು ತಾನೇ ಮುಚ್ಚಿದ್ದು ಯಾಕೆ? ಎರಡಕ್ಕೂ ಉತ್ತರ ಒಂದೇ ಲೆಕ್ಕದಲ್ಲಿದೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ದೊಡ್ಡ ವಿಶ್ವವಿದ್ಯಾಲಯಗಳು ದಶಕಗಳ ಕಾಲ 85 ಜನರಿಗೆ ಸ್ಕಾಲರ್‌ಶಿಪ್ ಕೊಟ್ಟು ತಂಡ ಕಟ್ಟಿದವು. ದಾಳಿಗೇ ಒಂದು ಪಡೆ, ರಕ್ಷಣೆಗೇ ಇನ್ನೊಂದು ಪಡೆ. ಬಾಸ್ಕೆಟ್‌ಬಾಲ್‌ನಲ್ಲಿ ಅದೇ ಮಿತಿ 13 ಇತ್ತು. ಅಂಗಳದಲ್ಲಿ ಒಂದು ಹೊತ್ತಿಗೆ ಇರುವವರು ಐವರು. ಆ ಐವರೇ ದಾಳಿ ಮಾಡಬೇಕು, ಅವರೇ ಓಡಿ ಬಂದು ತಡೆಯಬೇಕು. ಅಂದಮೇಲೆ ಒಬ್ಬ ಆಟಗಾರ ತಂಡದ ಐದನೇ ಒಂದು ಪಾಲು. ಬೇರೆಯವರ ಕಣ್ಣಿಗೆ ಬೀಳದ ಇಬ್ಬರು ಹುಡುಗರನ್ನು ಪತ್ತೆಹಚ್ಚಿದ ಚಿಕ್ಕ ಕಾಲೇಜು ಸಾವಿರಾರು ಎಕರೆಯ ರಾಜ್ಯ ವಿಶ್ವವಿದ್ಯಾಲಯವನ್ನು ಸೋಲಿಸಬಹುದು. ಅದೇ ಲೆಕ್ಕ ತಿರುಗಿ ಬಿದ್ದರೆ ಒಬ್ಬ ಆಟಗಾರ ಮತ್ತು ಒಬ್ಬ ಹಣವಂತ ಅಭಿಮಾನಿ ಸೇರಿ ಇಡೀ ತಂಡವನ್ನು ಕೆಡವಲೂಬಹುದು. ಡಾನ್ಸ್ ತಂಡಕ್ಕೆ ಎರಡೂ ಆಗಿವೆ.

ಕಾಲಿನಿಂದ ಕಲಿಸಿದ ಕೋಚ್

ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ ಪೀಟ್ ನ್ಯೂವೆಲ್ ಇಲ್ಲಿಗೆ ಕೋಚ್ ಆಗಿ ಬಂದರು. ಅವರ ಪಾಠ ಚೆಂಡಿನಿಂದ ಶುರುವಾಗುತ್ತಿರಲಿಲ್ಲ, ಕಾಲಿನಿಂದ ಶುರುವಾಗುತ್ತಿತ್ತು. ಆಟಗಾರರು ಮೊಣಕಾಲು ಬಗ್ಗಿಸಿ, ಸೊಂಟ ಇಳಿಸಿ, ಕೈ ಎತ್ತಿ ಹಿಡಿದು, ಕೋಚ್ ತೋರಿಸಿದ ದಿಕ್ಕಿಗೆ ನಿಮಿಷಗಟ್ಟಲೆ ಜಾರುತ್ತಲೇ ಇರಬೇಕು. ತೊಡೆ ಉರಿಯತೊಡಗಿದಾಗ ಮನುಷ್ಯ ತನಗರಿವಿಲ್ಲದೆ ನೆಟ್ಟಗಾಗುತ್ತಾನೆ. ನೆಟ್ಟಗೆ ನಿಂತವನು ಪಕ್ಕಕ್ಕೆ ಸರಿಯಬೇಕಾದರೆ ಮೊದಲು ಮತ್ತೆ ಬಗ್ಗಬೇಕು, ಆ ಅರೆಗಳಿಗೆಯಲ್ಲಿ ಎದುರಾಳಿ ದಾಟಿಹೋಗುತ್ತಾನೆ. ಪಂದ್ಯದ ಕೊನೆಯ ಐದು ನಿಮಿಷದಲ್ಲಿ ರಕ್ಷಣೆ ಕುಸಿಯುವುದು ಹೆಚ್ಚಾಗಿ ಹೀಗೆ. ಆ ಕವಾಯತಿನ ಗುರಿಯೇ ಆ ಐದು ನಿಮಿಷ.

1949ರಲ್ಲಿ ನ್ಯೂವೆಲ್ ಅವರ ತಂಡ ನ್ಯೂಯಾರ್ಕಿನಲ್ಲಿ ನಡೆದ ಎನ್‌ಐಟಿ ಪಂದ್ಯಾವಳಿಯ ಫೈನಲ್‌ನಲ್ಲಿ ಶಿಕಾಗೊದ ಲೊಯೋಲಾವನ್ನು 48–47ರಿಂದ ಸೋಲಿಸಿತು. ಈಗ ಎನ್‌ಐಟಿ ಎಂದರೆ ಎರಡನೇ ದರ್ಜೆಯ ಟೂರ್ನಿ. ಆಗ ಹಾಗಲ್ಲ. ಅದು ಶುರುವಾದದ್ದು 1938ರಲ್ಲಿ, ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಘವಾದ ಎನ್‌ಸಿಎಎ ನಡೆಸುವ ಪಂದ್ಯಾವಳಿಗಿಂತ ಒಂದು ವರ್ಷ ಮೊದಲು, ಮತ್ತು ಎರಡಕ್ಕೂ ಸರಿಸುಮಾರು ಒಂದೇ ಮರ್ಯಾದೆಯಿತ್ತು. 1950ರಲ್ಲಿ ನ್ಯೂವೆಲ್ ಬೇರೆಡೆಗೆ ಹೊರಟಾಗ ಜಾಗ ತುಂಬಿದವರು ಅವರೊಂದಿಗೆ ಲಾಸ್ ಏಂಜಲಿಸ್‌ನ ಲೊಯೋಲಾದಲ್ಲಿ ಆಡಿದ್ದ ಫಿಲ್ ವೂಲ್ಪರ್ಟ್. ಸ್ಯಾನ್ ಫ್ರಾನ್ಸಿಸ್ಕೊದ ಸೇಂಟ್ ಇಗ್ನೇಶಿಯಸ್ ಹೈಸ್ಕೂಲಿನಲ್ಲಿ ಕೋಚ್ ಆಗಿದ್ದವರು. ಪಾಠಕ್ರಮ ಬದಲಾಗಲಿಲ್ಲ.

ಬದಲಾದದ್ದು ಇನ್ನೊಂದು. 1951ರಲ್ಲಿ ಇದೇ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಒಂಬತ್ತಕ್ಕೆ ಒಂಬತ್ತೂ ಪಂದ್ಯ ಗೆದ್ದಿತ್ತು. ಆದರೆ ಆಲಿ ಮ್ಯಾಟ್ಸನ್, ಬರ್ಲ್ ಟೋಲರ್ ಎಂಬ ಇಬ್ಬರು ಕಪ್ಪು ಆಟಗಾರರನ್ನು ಬಿಟ್ಟು ಬಂದರೆ ಮಾತ್ರ ಋತುವಿನ ಕೊನೆಯ ದೊಡ್ಡ ಪಂದ್ಯಕ್ಕೆ ಕರೆ ಎಂಬ ಸೂಚನೆ ಬಂದಾಗ ತಂಡ ಒಪ್ಪಲಿಲ್ಲ. ಆ ಪಂದ್ಯದ ಹಣವೂ ಬರಲಿಲ್ಲ. ನಷ್ಟದಲ್ಲಿದ್ದ ಫುಟ್‌ಬಾಲನ್ನು ಆ ಋತುವಿನ ನಂತರ ನಿಲ್ಲಿಸಿದರು. ಉಳಿದದ್ದು ಬಾಸ್ಕೆಟ್‌ಬಾಲ್. ಅದಕ್ಕೂ ಮನೆಯಿಲ್ಲ. ಅಭ್ಯಾಸಕ್ಕೆ ಹೈಸ್ಕೂಲಿನ ಅಂಗಳ, ಪಂದ್ಯಕ್ಕೆ ಊರಿನ ಕೀಜರ್ ಪೆವಿಲಿಯನ್, ದೊಡ್ಡ ಪಂದ್ಯವಾದರೆ ಕೌ ಪ್ಯಾಲೆಸ್. ಜಾನುವಾರು ಪ್ರದರ್ಶನಕ್ಕೆಂದು ಕಟ್ಟಿಸಿದ ಮಂಟಪ ಅದು.

ಒಂದೇ ಒಂದು ಕರೆ ಬಂದ ಹುಡುಗ

ಬಿಲ್ ರಸೆಲ್ ಹುಟ್ಟಿದ್ದು 1934ರಲ್ಲಿ, ಲೂಯಿಸಿಯಾನದ ಮನ್ರೋದಲ್ಲಿ. ಬೆಳೆದದ್ದು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಆಚೆ ದಡದ ಓಕ್ಲಂಡ್‌ನಲ್ಲಿ. ಮೆಕ್ಲಿಮಂಡ್ಸ್ ಹೈಸ್ಕೂಲಿನಲ್ಲಿ ಅವನು ತಂಡದಲ್ಲಿ ಉಳಿದದ್ದೇ ಹೆಚ್ಚು. ಉದ್ದ ಕೈಕಾಲು, ಆದರೆ ಚೆಂಡು ಎಸೆಯಲು ಬಾರದು. ಅವನನ್ನು ಗುರುತಿಸಿದವರು ಹ್ಯಾಲ್ ಡಿಜೂಲಿಯೊ, 1949ರ ಡಾನ್ಸ್ ತಂಡದಲ್ಲಿ ಆಡಿದ್ದವರು. ಅವರಿಗೆ ಮೆಚ್ಚುಗೆಯಾದದ್ದು ಅವನ ಅಂಕಗಳಲ್ಲ. ಪಂದ್ಯ ಬಿಗಿಯಾದ ಗಳಿಗೆಯಲ್ಲಿ ಅವನು ಎಲ್ಲಿರಬೇಕೋ ಅಲ್ಲಿರುತ್ತಿದ್ದದ್ದು. ರಸೆಲ್‌ಗೆ ಸಿಕ್ಕಿದ ಕಾಲೇಜು ಸ್ಕಾಲರ್‌ಶಿಪ್ ಅದೊಂದೇ.

ಹಾಸ್ಟೆಲಿನಲ್ಲಿ ಅವನ ಕೋಣೆಯ ಜೊತೆಗಾರ ಕೆ.ಸಿ. ಜೋನ್ಸ್. ಇಬ್ಬರೂ ಕೂತು ಮಾತಾಡುತ್ತಿದ್ದದ್ದು ರೇಖಾಗಣಿತ. ಯಾವ ಕೋನದಿಂದ ಎಸೆದ ಚೆಂಡು ತಪ್ಪಿದರೆ ಎತ್ತ ಚಿಮ್ಮುತ್ತದೆ, ಯಾವ ಆಟಗಾರ ಎಡಗಾಲು ಮುಂದಿಟ್ಟರೆ ಎತ್ತ ತಿರುಗುತ್ತಾನೆ, ಹೀಗೆ. ಮೂಲೆಯಿಂದ ಎಸೆದ ಚೆಂಡು ತಪ್ಪಿದರೆ ಹೆಚ್ಚಾಗಿ ಎದುರು ಮಗ್ಗುಲಿಗೆ ಬೀಳುತ್ತದೆ. ಅದನ್ನು ಮೊದಲೇ ಬಲ್ಲವನು ಚೆಂಡು ಗಾಳಿಯಲ್ಲಿರುವಾಗಲೇ ಎರಡು ಹೆಜ್ಜೆ ಸರಿದಿರುತ್ತಾನೆ. ರಿಬೌಂಡ್, ಅಂದರೆ ತಪ್ಪಿ ಚಿಮ್ಮಿದ ಚೆಂಡನ್ನು ಹಿಡಿಯುವುದು, ಎತ್ತರದ ಕೆಲಸ ಎಂದುಕೊಳ್ಳುತ್ತೇವೆ. ಅರ್ಧಕ್ಕಿಂತ ಹೆಚ್ಚು ಅದು ಜಾಗದ ಕೆಲಸ.

1953–54ರಲ್ಲಿ ಇಬ್ಬರೂ ಕೂಡಿ ಆಡಬೇಕಿತ್ತು. ಮೊದಲ ಪಂದ್ಯವಾದ ಕೂಡಲೇ ಜೋನ್ಸ್‌ಗೆ ಅಪೆಂಡಿಕ್ಸ್ ಒಡೆದು ಇಡೀ ಋತು ಹೋಯಿತು; ತಂಡ 14 ಗೆದ್ದು 7 ಸೋತಿತು. ಆ ಒಂದೇ ಒಂದು ಪಂದ್ಯಕ್ಕೆ ಎರಡು ವರ್ಷದ ನಂತರ ಬೆಲೆ ತೆರಬೇಕಾಯಿತು. ಅದು ಮುಂದೆ ಬರುತ್ತದೆ.

ಆ ರಕ್ಷಣೆ ಕೆಲಸ ಮಾಡಿದ್ದು ಹೀಗೆ

ಆಗಿನ ಬಹುತೇಕ ಕೋಚ್‌ಗಳು ಹೇಳಿಕೊಡುತ್ತಿದ್ದದ್ದು: ರಕ್ಷಣೆಯಲ್ಲಿ ಪಾದ ನೆಲ ಬಿಡಕೂಡದು. ಜಿಗಿದವನು ಮೋಸ ಹೋಗುತ್ತಾನೆ. ಸಾಮಾನ್ಯ ಆಟಗಾರನ ಮಟ್ಟಿಗೆ ಈ ಮಾತು ಇಂದಿಗೂ ಸರಿಯೇ. ಎದುರಾಳಿ ಎಸೆಯುವ ನಟನೆ ಮಾಡುತ್ತಾನೆ, ನೀವು ಹಾರುತ್ತೀರಿ, ಅವನು ನಿಮ್ಮ ಮೈಗೆ ತಾಗಿ ಎಸೆಯುತ್ತಾನೆ, ಫೌಲ್ ನಿಮ್ಮದು. ಕಾಲೇಜು ಆಟದಲ್ಲಿ ಐದು ಫೌಲ್ ಆದರೆ ಹೊರಗೆ. ರಸೆಲ್ ಈ ನಿಯಮ ಮುರಿದರೂ ಗೆದ್ದದ್ದು ಅವನು ಮೊದಲು ಹಾರುತ್ತಿರಲಿಲ್ಲವಾದ್ದರಿಂದ. ಎಸೆಯುವವನ ಪಾದ ನೆಲ ಬಿಟ್ಟ ಮೇಲೆಯೇ ಅವನು ಹಾರುತ್ತಿದ್ದ. ಅಷ್ಟು ತಡಮಾಡಿಯೂ ಚೆಂಡನ್ನು ಮುಟ್ಟಬೇಕಾದರೆ ವೇಗ ಅಸಾಧಾರಣವಾಗಿರಬೇಕು. ಅದು ಅವನಿಗಿತ್ತು: ಎತ್ತರ ಸುಮಾರು 6 ಅಡಿ 10 ಅಂಗುಲ, ಚಾಚಿದ ತೋಳುಗಳ ಅಗಲ 7 ಅಡಿ 4 ಅಂಗುಲ, 1956ರಲ್ಲಿ ಅಥ್ಲೆಟಿಕ್ಸ್ ಕೂಟವೊಂದರಲ್ಲಿ 6 ಅಡಿ 9 ಅಂಗುಲಕ್ಕೂ ಮೀರಿ ಎತ್ತರ ಜಿಗಿದವನು.

ಇನ್ನೂ ಮುಖ್ಯವಾದದ್ದು, ಅವನು ಚೆಂಡನ್ನು ಹೊರಗೆ ಬಾರಿಸುತ್ತಿರಲಿಲ್ಲ. ಪ್ರೇಕ್ಷಕರ ಸಾಲಿಗೆ ಹಾರಿಸಿದ ಬ್ಲಾಕ್ ನೋಡಲು ಚೆಂದ, ಆದರೆ ಗೆರೆ ದಾಟಿದ ಚೆಂಡು ಮತ್ತೆ ಎದುರಾಳಿಗೇ ಸಿಗುತ್ತದೆ. ರಸೆಲ್ ಬೆರಳ ತುದಿಯಿಂದ ಚೆಂಡನ್ನು ತನ್ನವರ ಕಡೆಗೆ ತಟ್ಟುತ್ತಿದ್ದ. ಆಗ ಎದುರಾಳಿ ಕಳೆದುಕೊಳ್ಳುತ್ತಿದ್ದದ್ದು ಎರಡು: ಬರಬೇಕಿದ್ದ ಅಂಕ, ಮತ್ತು ಚೆಂಡು. ಅಷ್ಟರಲ್ಲಿ ಜೋನ್ಸ್ ಆಚೆ ಬುಟ್ಟಿಯತ್ತ ಓಟ ಕಿತ್ತಿರುತ್ತಿದ್ದ.

ಹಿಂದೆ ಇಂಥವನಿದ್ದಾನೆ ಎಂಬ ಧೈರ್ಯದಿಂದ ಮುಂದಿನವರ ಆಟವೇ ಬೇರೆಯಾಯಿತು. ಸಾಮಾನ್ಯವಾಗಿ ಗಾರ್ಡ್ (ಬುಟ್ಟಿಯಿಂದ ದೂರ ಆಡುವವನು) ತನ್ನ ಎದುರಾಳಿಯಿಂದ ಒಂದು ತೋಳಿನಷ್ಟು ದೂರ ನಿಲ್ಲುತ್ತಾನೆ, ಅವನು ದಾಟಿಹೋದರೆ ಎಂಬ ಹೆದರಿಕೆಗೆ. ಜೋನ್ಸ್ ಮತ್ತು ಹ್ಯಾಲ್ ಪೆರಿ ಆ ದೂರ ಬಿಡಲೇ ಇಲ್ಲ. ಎದುರಾಳಿ ಚೆಂಡು ಹಿಡಿದ ಜಾಗದಿಂದಲೇ ಎದೆಗೆ ಎದೆ ಕೊಟ್ಟು ನಿಂತು ಅವನನ್ನು ಬದಿಯ ಗೆರೆಯತ್ತ ತಳ್ಳುತ್ತಿದ್ದರು. ಆ ಗೆರೆಯೇ ಇನ್ನೊಬ್ಬ ರಕ್ಷಕನಿದ್ದಂತೆ. ಪಾಸ್ ಕಸಿಯಲು ಧೈರ್ಯವಾಗಿ ಕೈ ಹಾಕುತ್ತಿದ್ದರು. ತಪ್ಪಿದರೆ? ಎದುರಾಳಿ ಖುಷಿಯಿಂದ ಬುಟ್ಟಿಯತ್ತ ನುಗ್ಗುತ್ತಾನೆ, ಅಲ್ಲಿ ರಸೆಲ್.

ಇದನ್ನು ನಕಲು ಮಾಡಹೊರಟ ತಂಡಗಳು ಎಡವುವುದು ಮೂರನೆಯವನ ಹತ್ತಿರ. ನುಗ್ಗಿಬಂದವನನ್ನು ತಡೆಯಲು ಸೆಂಟರ್ (ಬುಟ್ಟಿಯಡಿ ಆಡುವ ಎತ್ತರದವನು) ಹೊರಟ ಕೂಡಲೇ ಅವನು ಕಾಯುತ್ತಿದ್ದ ಎದುರಾಳಿ ಬುಟ್ಟಿಯಡಿ ಒಬ್ಬನೇ ಉಳಿಯುತ್ತಾನೆ. ಒಂದು ಚಿಕ್ಕ ಪಾಸ್ ಸಾಕು, ಅಂಕ ಖಚಿತ. ಹಾಗಾಗಿ ಚೆಂಡಿನಿಂದ ದೂರದ ಮಗ್ಗುಲಲ್ಲಿರುವ ಫಾರ್ವರ್ಡ್ (ಬದಿಯಲ್ಲಿ ಆಡುವವನು) ಅದೇ ಕ್ಷಣ ಒಳಗೆ ಇಳಿದು ಆ ಜಾಗ ಮುಚ್ಚಬೇಕು. ಯಾರೂ ಚಪ್ಪಾಳೆ ತಟ್ಟದ ಕೆಲಸ ಅದು. 1955ರ ತಂಡದಲ್ಲಿ ಜೆರಿ ಮಲೆನ್, ಸ್ಟ್ಯಾನ್ ಬುಕ್ಯಾನನ್, ಮರುವರ್ಷ ಮೈಕ್ ಫಾರ್ಮರ್, ಕಾರ್ಲ್ ಬೋಲ್ಟ್ ಮಾಡಿದ್ದು ಇದನ್ನೇ. ಎರಡೂ ಋತುಗಳಲ್ಲಿ ಎದುರಾಳಿಗಳು ಪಂದ್ಯಕ್ಕೆ ಗಳಿಸಿದ ಅಂಕ ಸರಾಸರಿ 52ರ ಆಸುಪಾಸು. ರಸೆಲ್ ಒಬ್ಬನಿಂದ ಆ ಸಂಖ್ಯೆ ಬರುತ್ತಿರಲಿಲ್ಲ.

1955: ಒಂದು ಅಂಕದ ಅಂತರ

1954ರ ಡಿಸೆಂಬರಿನಲ್ಲಿ, ಋತುವಿನ ಮೂರನೇ ಪಂದ್ಯದಲ್ಲಿ ಡಾನ್ಸ್ ಯುಸಿಎಲ್‌ಎ (ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಕೈಲಿ 47–40ರಿಂದ ಸೋತರು. ಮುಂದಿನ ಸೋಲು ಬರಲು ಎರಡು ವರ್ಷ ಬೇಕಾಯಿತು.

ಅದೇ ತಿಂಗಳು ಒಕ್ಲಹೋಮ ಸಿಟಿಯಲ್ಲಿ ಆಲ್-ಕಾಲೇಜ್ ಟೂರ್ನಿ. ವೂಲ್ಪರ್ಟ್ ಆ ಋತುವಿನಲ್ಲಿ ರಸೆಲ್, ಜೋನ್ಸ್, ಪೆರಿ, ಹೀಗೆ ಮೂವರು ಕಪ್ಪು ಆಟಗಾರರನ್ನು ಮೊದಲ ಐವರಲ್ಲೇ ಇಳಿಸುತ್ತಿದ್ದರು. ಆ ಕಾಲದ ದೊಡ್ಡ ಕಾಲೇಜು ಆಟದಲ್ಲಿ ಇನ್ಯಾರೂ ಮಾಡದ ಕೆಲಸ. ಊರಿನ ಹೋಟೆಲುಗಳು ಕಪ್ಪು ಆಟಗಾರರಿಗೆ ಕೋಣೆ ಕೊಡಲಿಲ್ಲ. ಆಗ ಬಿಳಿಯ ಆಟಗಾರರೂ ಹೋಟೆಲು ಬಿಟ್ಟು, ರಜೆಗೆ ಖಾಲಿ ಬಿದ್ದಿದ್ದ ಒಂದು ಕಾಲೇಜು ಹಾಸ್ಟೆಲಿನಲ್ಲಿ ಇಡೀ ತಂಡ ಒಟ್ಟಿಗೆ ಉಳಿಯಿತು, ಟೂರ್ನಿಯನ್ನೂ ಗೆದ್ದಿತು. ಈ ತಂಡದ ಚರಿತ್ರೆಯಲ್ಲಿ ಟ್ರೋಫಿಗಳಿಗಿಂತ ನಾನು ಮೇಲಿಡುವುದು ಆ ಹಾಸ್ಟೆಲಿನ ರಾತ್ರಿಗಳನ್ನು.

ಎನ್‌ಸಿಎಎ ಪಂದ್ಯಾವಳಿಯಲ್ಲಿ 2025ರಲ್ಲಿ 68 ತಂಡಗಳು, 1955ರಲ್ಲಿ 24. ಒಂದು ಸೋಲಾದರೆ ಮನೆಗೆ. ವೆಸ್ಟ್ ಟೆಕ್ಸಸ್ ಸ್ಟೇಟ್ ಮತ್ತು ಯೂಟಾವನ್ನು ಸುಲಭವಾಗಿ ದಾಟಿದ ಡಾನ್ಸ್‌ಗೆ ನಿಜವಾದ ಗಂಡಾಂತರ ಎದುರಾದದ್ದು ಆರಿಗನ್ ಸ್ಟೇಟ್ ವಿರುದ್ಧ, ಅದೂ ಅವರದೇ ಊರಾದ ಕೊರ್ವಾಲಿಸ್‌ನಲ್ಲಿ. ಅವರ ಸೆಂಟರ್ ಸ್ವೀಡ್ ಹಾಲ್‌ಬ್ರುಕ್ 7 ಅಡಿ 3 ಅಂಗುಲದವನು. ಡಾನ್ಸ್ ಗೆದ್ದದ್ದು 57–56ರಿಂದ. ಸೆಮಿಫೈನಲ್‌ನಲ್ಲಿ ಕೊಲರಾಡೊ ಮೇಲೆ 62–50.

ಮಾರ್ಚ್ 19ರ ಫೈನಲ್ ಕಾನ್ಸಸ್ ಸಿಟಿಯಲ್ಲಿ, ಹಿಂದಿನ ವರ್ಷದ ಚಾಂಪಿಯನ್ ಲಾಸಾಲ್ ಎದುರು. ಲಾಸಾಲ್‌ನ ಬೆನ್ನೆಲುಬು ಟಾಮ್ ಗೋಲಾ, 6 ಅಡಿ 6 ಅಂಗುಲದ ಸರ್ವತೋಮುಖ ಆಟಗಾರ. ರಸೆಲ್ ಅವನನ್ನು ಕಾಯುತ್ತಾನೆಂದೇ ಎಲ್ಲರೂ ಎಣಿಸಿದ್ದರು. ವೂಲ್ಪರ್ಟ್ ಆ ಕೆಲಸ ಕೊಟ್ಟದ್ದು 6 ಅಡಿ 1 ಅಂಗುಲದ ಜೋನ್ಸ್‌ಗೆ. ಲೆಕ್ಕ ಸರಳ: ಗೋಲಾನ ಹಿಂದೆ ರಸೆಲ್ ಅಂಗಳವೆಲ್ಲ ತಿರುಗಿದರೆ ಬುಟ್ಟಿಯಡಿ ಯಾರೂ ಇರುವುದಿಲ್ಲ. ಜೋನ್ಸ್ ಚೆಂಡು ಗೋಲಾನ ಕೈಗೆ ಸಿಗದಂತೆ ನೋಡಿಕೊಳ್ಳಬೇಕು; ಒಂದು ವೇಳೆ ಸಿಕ್ಕಿ ಅವನು ದಾಟಿದರೂ ರಸೆಲ್ ಇದ್ದಲ್ಲೇ ಇರುತ್ತಾನೆ. 77–63ರಿಂದ ಡಾನ್ಸ್ ಗೆದ್ದರು. ಜೋನ್ಸ್ 24 ಅಂಕ; ರಸೆಲ್ 23 ಅಂಕ, 25 ರಿಬೌಂಡ್. ಆ ಋತು ಮುಗಿದಾಗ 28 ಗೆಲುವು, 1 ಸೋಲು.

1956: ಸೋಲೇ ಇಲ್ಲದ ವರ್ಷ

ಮರುವರ್ಷ 29ಕ್ಕೆ 29. ಒಂದೂ ಪಂದ್ಯ ಸೋಲದೆ ಎನ್‌ಸಿಎಎ ಚಾಂಪಿಯನ್ ಆದ ಮೊದಲ ತಂಡ ಇದು.

ಇವರನ್ನು ತಡೆಯುವುದು ಹೇಗೆಂದು ಎಲ್ಲರಿಗಿಂತ ಚೆನ್ನಾಗಿ ಯೋಚಿಸಿದವರು ಪೀಟ್ ನ್ಯೂವೆಲ್. ಅಷ್ಟರಲ್ಲಿ ಅವರು ಕೊಲ್ಲಿಯ ಆಚೆ ದಡದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕೋಚ್. 1956ರ ಜನವರಿಯಲ್ಲಿ ಎರಡೂ ತಂಡ ಎದುರಾದಾಗ ಅವರ ಸೆಂಟರ್ ಬುಟ್ಟಿಯಿಂದ ದೂರ ಬಂದು ಚೆಂಡು ಹಿಡಿದು ಸುಮ್ಮನೆ ನಿಂತುಬಿಟ್ಟ. ಎಸೆಯಲಿಲ್ಲ, ಪಾಸ್ ಕೊಡಲಿಲ್ಲ, ನಿಮಿಷಗಳು ಕಳೆದವು. ಉದ್ದೇಶ ರಸೆಲ್‌ನನ್ನು ಬುಟ್ಟಿ ಬಿಟ್ಟು ಹೊರಗೆ ಎಳೆಯುವುದು. ಅವನು ಹೊರಬಂದರೆ ಬುಟ್ಟಿ ತೆರೆಯುತ್ತದೆ. ಬರದಿದ್ದರೆ ಹೊತ್ತು ಕಳೆದು ಪಂದ್ಯ ಕೆಲವೇ ಅಂಕಗಳಿಗೆ ಕುಗ್ಗುತ್ತದೆ, ಕೆಲವೇ ಅಂಕಗಳ ಪಂದ್ಯದಲ್ಲಿ ಅದೃಷ್ಟಕ್ಕೆ ಎಡೆ ಹೆಚ್ಚು. ಇದು ನಿಯಮಬದ್ಧವೇ ಆಗಿತ್ತು. ವೃತ್ತಿಪರ ಎನ್‌ಬಿಎ 1954ರಲ್ಲೇ 24 ಸೆಕೆಂಡಿನ ಗಡಿಯಾರ ತಂದಿದ್ದರೂ ಕಾಲೇಜು ಪುರುಷರ ಆಟಕ್ಕೆ 45 ಸೆಕೆಂಡಿನ ಗಡಿಯಾರ ಬಂದದ್ದು 1985–86ರಲ್ಲಿ. ರಸೆಲ್ ಹೊರಬರಲಿಲ್ಲ. ಡಾನ್ಸ್ 33–24ರಿಂದ ಗೆದ್ದರು. ಅದು ಅವರ ಸತತ 40ನೇ ಗೆಲುವು, ಆವರೆಗಿನ ಕಾಲೇಜು ದಾಖಲೆಗಿಂತ ಒಂದು ಹೆಚ್ಚು.

ಎನ್‌ಸಿಎಎ ಸುತ್ತು ಬಂದಾಗ ಹಳೆಯ ಬಾಕಿ ಎದುರಿಗೆ ನಿಂತಿತು. ಅಪೆಂಡಿಕ್ಸ್‌ಗೆ ಮುಂಚೆ ಆಡಿದ್ದ ಆ ಒಂದು ಪಂದ್ಯದಿಂದಾಗಿ, ಹೆಚ್ಚುವರಿ ಋತುವಿನಲ್ಲಿ ಆಡುತ್ತಿದ್ದ ಜೋನ್ಸ್ ಪಂದ್ಯಾವಳಿಗೆ ಅನರ್ಹ. ಅವನ ಜಾಗಕ್ಕೆ ಜೀನ್ ಬ್ರೌನ್ ಬಂದ. ಮೊದಲ ಪಂದ್ಯದಲ್ಲೇ ಯುಸಿಎಲ್‌ಎ ಮೇಲೆ 72–61, ಬಳಿಕ ಯೂಟಾ, ಎಸ್‌ಎಂಯು (ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯ). ಮಾರ್ಚ್ 23ರಂದು ಎವಾನ್‌ಸ್ಟನ್‌ನ ಫೈನಲ್‌ನಲ್ಲಿ ಅಯೋವಾವನ್ನು 83–71ರಿಂದ. ರಸೆಲ್‌ನ ಕೊನೆಯ ಕಾಲೇಜು ಪಂದ್ಯದಲ್ಲಿ 26 ಅಂಕ, 27 ರಿಬೌಂಡ್. ಇಡೀ ಕಾಲೇಜು ಅವಧಿಯ ಅವನ ಸರಾಸರಿ 20.7 ಅಂಕ, 20.3 ರಿಬೌಂಡ್. ಜೋನ್ಸ್ ಇಲ್ಲದೆಯೂ ಅಷ್ಟು ಸಲೀಸಾಗಿ ಗೆದ್ದದ್ದು ವೂಲ್ಪರ್ಟ್ ಅವರ ಕೋಚಿಂಗಿಗೆ ಸಂದ ದೊಡ್ಡ ಸಾಕ್ಷಿ ಎಂದೇ ನನ್ನ ಎಣಿಕೆ.

ಅದೇ ವರ್ಷದ ಕೊನೆಗೆ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಇಬ್ಬರೂ ಚಿನ್ನ ಗೆದ್ದರು. ಬೋಸ್ಟನ್ ಸೆಲ್ಟಿಕ್ಸ್ ಪರ ರಸೆಲ್ 13 ಋತುಗಳಲ್ಲಿ 11 ಬಾರಿ, ಜೋನ್ಸ್ ಆಟಗಾರನಾಗಿ 8 ಬಾರಿ ಎನ್‌ಬಿಎ ಚಾಂಪಿಯನ್ ಆದರು. ಡಾನ್ಸ್ ಅವರಿಲ್ಲದೆಯೂ ಇನ್ನೈದು ಗೆದ್ದು ಓಟವನ್ನು 60ಕ್ಕೆ ಒಯ್ದು, 1956ರ ಡಿಸೆಂಬರ್ 17ರಂದು ಇಲಿನಾಯ್ ಎದುರು 62–33ರಿಂದ ಸೋತರು. ಆ 60ನ್ನು ಯುಸಿಎಲ್‌ಎ ಮುರಿದದ್ದು 1973ರಲ್ಲಿ.

ಪಟ್ಟಿ ಅಗಲವಾದರೆ ಏನಾಗುತ್ತದೆ

ದಾಳಿಯಲ್ಲಿರುವ ಆಟಗಾರ ಆ ಪಟ್ಟಿಯೊಳಗೆ ಸತತ 3 ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. 1936ರಿಂದ ಇರುವ ನಿಯಮ. ಪಟ್ಟಿಯ ಅಗಲ 6 ಅಡಿಯಾದರೆ ಅದರ ಅಂಚು ಬುಟ್ಟಿಯ ನಡುಬಿಂದುವಿನಿಂದ 3 ಅಡಿ ದೂರ. ಬುಟ್ಟಿಯ ವ್ಯಾಸ 18 ಅಂಗುಲ. ಹಾಗಾದರೆ ಗೆರೆಯ ಹೊರಗೆ ಕಾಲಿಟ್ಟು ಎಷ್ಟು ಹೊತ್ತು ಬೇಕಾದರೂ ನಿಂತವನಿಗೂ ಬುಟ್ಟಿಯ ಬಳೆಗೂ ನಡುವೆ ಎರಡೂಕಾಲು ಅಡಿ. ರಸೆಲ್‌ನಂಥವನು ಕೈ ಚಾಚಿದರೆ ಸಾಕು. ಅಂಚು 6 ಅಡಿಗೆ ಸರಿದರೆ ಅವನು ಹೆಜ್ಜೆಯಿಟ್ಟು, ತಿರುಗಿ, ಜಿಗಿಯಬೇಕು. ಕಂಬದ ಹಾಗೆ ನಿಂತು ಆಡುವ ಎತ್ತರದವನಿಗೆ ಇದು ನಷ್ಟ. ಚುರುಕಾದ ಎತ್ತರದವನಿಗೆ ಅಷ್ಟೇನೂ ಅಲ್ಲ.

ಎರಡನೆಯ ಬದಲಾವಣೆ ಗಾಳಿಯಲ್ಲಿ ಆದದ್ದು. ಬುಟ್ಟಿಯತ್ತ ಇಳಿಯುತ್ತಿರುವ ಚೆಂಡನ್ನು ರಕ್ಷಕ ತಟ್ಟಿಹಾಕುವುದನ್ನು 1944–45ರಲ್ಲೇ ನಿಷೇಧಿಸಿದ್ದರು. ಆದರೆ ದಾಳಿ ಮಾಡುವವನು ತನ್ನ ಜೊತೆಗಾರ ಎಸೆದ ಚೆಂಡನ್ನು ಬುಟ್ಟಿಯ ಮೇಲೆಯೇ ಹಿಡಿದು ಒಳಗೆ ತುರುಕಬಹುದಿತ್ತು. ರಸೆಲ್ ಅದನ್ನು ಸಲೀಸಾಗಿ ಮಾಡುತ್ತಿದ್ದ. ಗುರಿ ಕೊಂಚ ತಪ್ಪಿದ ಎಸೆತಗಳೂ ಅಂಕವಾಗುತ್ತಿದ್ದವು. 1957–58ರಿಂದ ಅದೂ ನಿಂತಿತು.

ಅಂತರರಾಷ್ಟ್ರೀಯ ಒಕ್ಕೂಟ ಫಿಬಾ 1956ರಲ್ಲಿ ಬೇರೆ ದಾರಿ ಹಿಡಿಯಿತು: ಫ್ರೀ ಥ್ರೋ ಗೆರೆಯ ಹತ್ತಿರ 3.6 ಮೀಟರ್, ಬುಟ್ಟಿಯಡಿ 6 ಮೀಟರ್ ಅಗಲದ ಇಳಿಜಾರು ಚತುರ್ಭುಜ. ನಮ್ಮಲ್ಲಿ ಫಿಬಾ ನಿಯಮವೇ ನಡೆಯುವುದರಿಂದ 2010ಕ್ಕೆ ಮೊದಲು ಗೆರೆ ಎಳೆದ ಶಾಲಾ ಕಾಲೇಜು ಅಂಗಳಗಳಲ್ಲೆಲ್ಲ ಆ ಲಂಗದ ಆಕಾರ ಇತ್ತು. ಅದೂ ಎತ್ತರದವರನ್ನು ಬುಟ್ಟಿಯಿಂದ ದೂರವಿಡುವ ಉಪಾಯವೇ. 2010ರಲ್ಲಿ ಅದು 4.9 ಮೀಟರಿನ ಆಯತವಾಯಿತು.

ನಂತರದ ಎರಡು ದಶಕ

1957ರಲ್ಲಿ ಬ್ರೌನ್, ಫಾರ್ಮರ್ ಇದ್ದ ತಂಡ ಮತ್ತೆ ಸೆಮಿಫೈನಲ್ ತಲುಪಿ ವಿಲ್ಟ್ ಚೇಂಬರ್ಲಿನ್‌ನ ಕಾನ್ಸಸ್‌ಗೆ 80–56ರಿಂದ ಸೋತು ಮೂರನೇ ಸ್ಥಾನ ಪಡೆಯಿತು. ಗೆಲುವಿನ ಹೆಸರಿನ ಮೇಲೆ ದೇಣಿಗೆ ಕೂಡಿ 1958ರಲ್ಲಿ ವಾರ್ ಮೆಮೋರಿಯಲ್ ಜಿಮ್ನೇಸಿಯಂ ಎದ್ದಿತು. ಮನೆ ಬಂದಾಗ ಮನೆ ಗಳಿಸಿಕೊಟ್ಟವರು ಹೋಗಿಯಾಗಿತ್ತು. 1959ರಲ್ಲಿ ವೂಲ್ಪರ್ಟ್ ಕೂಡ ಬಿಟ್ಟರು. ಕೊನೆಯ ದಿನಗಳಲ್ಲಿ ಅವರು ವಾಷಿಂಗ್ಟನ್ ರಾಜ್ಯದ ಸೀಕ್ವಿಮ್ ಎಂಬ ಊರಿನಲ್ಲಿ ಶಾಲಾ ಬಸ್ ಓಡಿಸುತ್ತಿದ್ದರು.

1960ರ ದಶಕದಲ್ಲಿ ತಂಡ ತನ್ನ ಪ್ರದೇಶದ ಲೀಗಿನಲ್ಲಿ ಗೆದ್ದಿತು, ಯುಸಿಎಲ್‌ಎ ಎದುರಾದಾಗ ಸೋತು ನಿಂತಿತು. ದೊಡ್ಡ ಅಲೆ ಮತ್ತೆ ಎದ್ದದ್ದು 1975ರಲ್ಲಿ, 7 ಅಡಿ 1 ಅಂಗುಲದ ಬಿಲ್ ಕಾರ್ಟ್‌ರೈಟ್ ಬಂದಾಗ. ಜೊತೆಗೆ ವಿನ್‌ಫರ್ಡ್ ಬಾಯ್ನ್ಸ್, ಜೇಮ್ಸ್ ಹಾರ್ಡಿ. 1976–77ರಲ್ಲಿ ಬಾಬ್ ಗೈಲಾರ್ಡ್ ಅವರ ಈ ತಂಡ ಮೊದಲ 29 ಪಂದ್ಯ ಗೆದ್ದು ದೇಶದಲ್ಲೇ ಒಂದನೇ ಸ್ಥಾನದಲ್ಲಿತ್ತು. ಆಮೇಲೆ ನೊಟ್ರೆಡೇಮ್ ಎದುರು 93–82ರ ಸೋಲು. ಪಂದ್ಯಾವಳಿಯ ಮೊದಲ ಸುತ್ತಿನಲ್ಲೇ ನೆವಾಡಾ ಲಾಸ್ ವೇಗಸ್ ಎದುರು 121–95. ರಸೆಲ್ ಕಾಲದ ತಂಡ ಎರಡು ಪಂದ್ಯ ಸೇರಿಸಿ ಬಿಟ್ಟುಕೊಡುತ್ತಿದ್ದ ಅಂಕಕ್ಕಿಂತಲೂ ಹೆಚ್ಚನ್ನು ಇವರು ಆ ಒಂದೇ ಪಂದ್ಯದಲ್ಲಿ ಕೊಟ್ಟರು.

1982: ಮುಚ್ಚಿದ ಬಾಗಿಲು

ಆ ಕಾಲದ ನಿಯಮದಂತೆ ಕಾಲೇಜು ಆಟಗಾರನಿಗೆ ಸಿಗಬಹುದಾದದ್ದು ಶುಲ್ಕ, ಊಟ, ವಸತಿ, ಪುಸ್ತಕ. ಅದರ ಮೇಲೆ ಆಟದ ಹೆಸರಿನಲ್ಲಿ ಒಂದು ಡಾಲರ್ ಬಂದರೂ ಅಪರಾಧ. ಕೊಟ್ಟವನು ವಿಶ್ವವಿದ್ಯಾಲಯದ ನೌಕರನೇ ಆಗಬೇಕಿಲ್ಲ. ತಂಡಕ್ಕೆ ದೇಣಿಗೆ ಕೊಡುವ ಅಭಿಮಾನಿ, ಅವರ ಮಾತಿನಲ್ಲಿ ‘ಬೂಸ್ಟರ್’, ಕೊಟ್ಟರೂ ಹೊಣೆ ಸಂಸ್ಥೆಯದೇ.

ಇಲ್ಲೇ ಚಿಕ್ಕ ಸಂಸ್ಥೆ ಇಕ್ಕಟ್ಟಿಗೆ ಸಿಕ್ಕುವುದು. ದೊಡ್ಡ ವಿಶ್ವವಿದ್ಯಾಲಯದಲ್ಲಿ ಫುಟ್‌ಬಾಲಿನ ಟಿಕೆಟ್ ಹಣ ಉಳಿದ ಆಟಗಳನ್ನೂ ಸಾಕುತ್ತದೆ, ಲೆಕ್ಕ ನೋಡಲು, ನಿಯಮ ಕಾಯಲು ಪ್ರತ್ಯೇಕ ಸಿಬ್ಬಂದಿ ಇರುತ್ತದೆ. ಫುಟ್‌ಬಾಲ್ ಇಲ್ಲದ, ಸಣ್ಣ ಜಿಮ್ನೇಸಿಯಂನ ಸಂಸ್ಥೆ ಬಾಸ್ಕೆಟ್‌ಬಾಲಿಗೆ ದಾನಿಗಳನ್ನೇ ನೆಚ್ಚಿಕೊಳ್ಳುತ್ತದೆ. ದಾನಿ ಊರಿನವನು, ಎಲ್ಲರಿಗೂ ಬೇಕಾದವನು, ಆಟಗಾರರ ಪರಿಚಯ ಇರುವವನು. ಬೇಸಿಗೆಯಲ್ಲಿ ಹುಡುಗನಿಗೊಂದು ಕೆಲಸ ಕೊಡಿಸುತ್ತಾನೆ. ಕೆಲಸ ನಿಜವಾಗಿ ನಡೆಯಿತೇ, ಸಂಬಳ ಎಷ್ಟು ಎಂದು ಕೇಳುವವರಿಲ್ಲ.

ಡಾನ್ಸ್ ಅಷ್ಟರಲ್ಲಿ ಎರಡು ಸಲ ಎನ್‌ಸಿಎಎ ಶಿಸ್ತುಕ್ರಮಕ್ಕೆ ಒಳಗಾಗಿದ್ದರು. 1981–82ರ ತಂಡದ ತಾರೆ ಗಾರ್ಡ್ ಕ್ವಿಂಟಿನ್ ಡೇಲಿ. ವಿದ್ಯಾರ್ಥಿನಿಯೊಬ್ಬಳ ಮೇಲಿನ ಹಲ್ಲೆಯ ಪ್ರಕರಣದಲ್ಲಿ ಅವನು ತಪ್ಪೊಪ್ಪಿಕೊಂಡ. ಆ ತನಿಖೆಯಲ್ಲೇ ಇನ್ನೊಂದು ಸಂಗತಿ ಹೊರಬಂತು: ಮಾಡದ ಕೆಲಸಕ್ಕೆ ಅಭಿಮಾನಿಯೊಬ್ಬನಿಂದ ಅವನಿಗೆ ತಿಂಗಳಿಗೆ 1,000 ಡಾಲರ್ ಸಿಗುತ್ತಿತ್ತು. 1982ರ ಜುಲೈ 29ರಂದು ವಿಶ್ವವಿದ್ಯಾಲಯದ ಅಧ್ಯಕ್ಷ ಫಾದರ್ ಜಾನ್ ಲೊ ಸ್ಕಿಯಾವೊ ಬಾಸ್ಕೆಟ್‌ಬಾಲ್ ತಂಡವನ್ನೇ ನಿಲ್ಲಿಸುವುದಾಗಿ ಘೋಷಿಸಿದರು. ಎನ್‌ಸಿಎಎ ಹೇಳಿದ್ದಲ್ಲ, ಅವರೇ ಮಾಡಿದ್ದು. ಆಗಷ್ಟೇ 25 ಪಂದ್ಯ ಗೆದ್ದಿದ್ದ, ಎರಡು ರಾಷ್ಟ್ರೀಯ ಪಟ್ಟಗಳ ತಂಡವನ್ನು ಹೊರಗಿನ ಆಜ್ಞೆಯಿಲ್ಲದೆ ಮುಚ್ಚಿದ ಉದಾಹರಣೆ ಅದಕ್ಕೆ ಮೊದಲು ಇರಲಿಲ್ಲ. ಉಳಿದ ಆಟಗಾರರು ಬೇರೆ ಕಾಲೇಜು ಹುಡುಕಿಕೊಳ್ಳಬೇಕಾಯಿತು. ಯಾವ ತಪ್ಪೂ ಮಾಡದವರಿಗೆ ಅದು ದುಬಾರಿಯಾದ ನಿರ್ಧಾರ, ಆ ಮಾತನ್ನು ಮರೆಮಾಚಬಾರದು. ಆದರೂ ಎರಡು ಎಚ್ಚರಿಕೆಗಳ ನಂತರ ಅಧ್ಯಕ್ಷರಿಗೆ ಬೇರೆ ದಾರಿ ಉಳಿದಿತ್ತೆಂದು ನನಗೆ ಅನ್ನಿಸುವುದಿಲ್ಲ.

ಮೂರು ಋತು ಜಿಮ್ನೇಸಿಯಂನಲ್ಲಿ ಪುರುಷರ ಪಂದ್ಯ ನಡೆಯಲಿಲ್ಲ. 1985–86ರಲ್ಲಿ ಹಳೆಯ ವಿದ್ಯಾರ್ಥಿ ಜಿಮ್ ಬ್ರೊವೆಲ್ಲಿ ಕೋಚ್ ಆಗಿ ಸೊನ್ನೆಯಿಂದ ಶುರುಮಾಡಿದರು. ಮೂರು ವರ್ಷದ ಬಿಡುವು ಎಂದರೆ ಬರೀ ಮೂರು ವರ್ಷವಲ್ಲ. ಹಿರಿಯ ಆಟಗಾರರಿಲ್ಲ, ಹೈಸ್ಕೂಲು ಕೋಚ್‌ಗಳ ಒಡನಾಟ ಕಡಿದಿದೆ, ಹದಿನೇಳರ ಹುಡುಗನಿಗೆ ತಂಡದ ಹೆಸರೇ ಗೊತ್ತಿಲ್ಲ. ಮತ್ತೆ ಎನ್‌ಸಿಎಎ ಪಂದ್ಯಾವಳಿ ಮುಟ್ಟಲು 1998 ಬರಬೇಕಾಯಿತು, ಫಿಲ್ ಮ್ಯಾಥ್ಯೂಸ್ ಕೈಕೆಳಗೆ. ಅಷ್ಟರಲ್ಲಿ ಅದೇ ಲೀಗಿನ, ಅದೇ ಯೇಸುಸಭೆಯ ಇನ್ನೊಂದು ಚಿಕ್ಕ ವಿಶ್ವವಿದ್ಯಾಲಯ ಗೊನ್ಜಾಗ ಮೇಲೇಳತೊಡಗಿ, 1999ರಿಂದ ಒಂದಾದ ಮೇಲೊಂದು ಪಂದ್ಯಾವಳಿಗೆ ಹೋಗುತ್ತ ಡಾನ್ಸ್ ಖಾಲಿಬಿಟ್ಟ ಜಾಗದಲ್ಲಿ ಕೂತುಬಿಟ್ಟಿತು.

ಈಗಿನ ಪಂದ್ಯ

ಪಂದ್ಯಾವಳಿಗೆ ಎರಡು ಬಾಗಿಲು. ಲೀಗಿನ ಟೂರ್ನಿ ಗೆದ್ದರೆ ನೇರ ಪ್ರವೇಶ; ಇಲ್ಲದಿದ್ದರೆ ಸಮಿತಿ ಆರಿಸಬೇಕು. ಸಮಿತಿ ನೋಡುವುದು ಎಂಥವರನ್ನು ಸೋಲಿಸಿದ್ದೀರಿ ಎಂದು. ದೊಡ್ಡ ತಂಡಗಳು ಚಿಕ್ಕವರ ಅಂಗಳಕ್ಕೆ ಬಂದು ಆಡಲು ಒಪ್ಪುವುದು ಕಡಿಮೆ: ಗೆದ್ದರೆ ಹೆಸರಿಲ್ಲ, ಸೋತರೆ ನಷ್ಟ. ಹಾಗಾಗಿ ಚಿಕ್ಕ ತಂಡಕ್ಕೆ ಎರಡನೇ ಬಾಗಿಲು ತೆರೆಯುವುದು ಅಪರೂಪ. 2022ರಲ್ಲಿ ಟಾಡ್ ಗೋಲ್ಡನ್ ಅವರ ತಂಡಕ್ಕೆ ಅದು ತೆರೆಯಿತು, 24 ವರ್ಷದ ನಂತರ. ಮೊದಲ ಸುತ್ತಿನಲ್ಲಿ ಮರಿ ಸ್ಟೇಟ್ ಎದುರು ಜಮರಿ ಬೂಯೆ ಒಬ್ಬನೇ 36 ಅಂಕ ಗಳಿಸಿದ. ನಿಗದಿತ 40 ನಿಮಿಷದಲ್ಲಿ ಪಂದ್ಯ ಇತ್ಯರ್ಥವಾಗದೆ ಹೆಚ್ಚುವರಿ ಸಮಯಕ್ಕೆ ಹೋಗಿ, ಡಾನ್ಸ್ 92–87ರಿಂದ ಸೋತರು.

ಹಣದ ನಿಯಮವೂ ಅಷ್ಟರಲ್ಲಿ ತಲೆಕೆಳಗಾಗಿತ್ತು. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿಕೊಂಡು ಬಹಿರಂಗವಾಗಿ ಸಂಪಾದಿಸಬಹುದು. ಅದೇ ವರ್ಷದಿಂದ ಒಂದು ಸಲ ಕಾಲೇಜು ಬದಲಿಸಿದರೆ ಒಂದು ಋತು ಹೊರಗೆ ಕೂರಬೇಕಿಲ್ಲ. 2025ರ ನ್ಯಾಯಾಲಯದ ಒಪ್ಪಂದದ ಮೇಲೆ ವಿಶ್ವವಿದ್ಯಾಲಯಗಳೇ ನೇರವಾಗಿ ಆಟಗಾರರಿಗೆ ಹಣ ಕೊಡಬಹುದು, ತಂಡದ ಮಿತಿ 15 ಜನ. ಒಂದೇ ಒಂದು ಸ್ಕಾಲರ್‌ಶಿಪ್ ಸಿಕ್ಕ ಹುಡುಗನನ್ನು ಮೂರು ನಾಲ್ಕು ವರ್ಷ ತಿದ್ದಿ ಬೆಳೆಸುವುದು 1950ರ ದಶಕದ ದಾರಿ. ಈಗ ಹಾಗೆ ಬೆಳೆದ ಹುಡುಗನಿಗೆ ಎರಡನೇ ವರ್ಷವೇ ದೊಡ್ಡ ಸಂಸ್ಥೆಯಿಂದ ಕರೆ ಬರುತ್ತದೆ. ಹಾಗಾಗಿ ಚಿಕ್ಕ ತಂಡದ ಕೋಚ್ ಪ್ರತಿ ಬೇಸಿಗೆಯಲ್ಲೂ ಅರ್ಧ ತಂಡವನ್ನು ಹೊಸದಾಗಿ ಕಟ್ಟುವ ಸಿದ್ಧತೆಯಲ್ಲೇ ಇರಬೇಕು. ತಡಮಾಡಿ ಹಾರುವುದು, ಚೆಂಡನ್ನು ಒಳಗೇ ತಟ್ಟುವುದು, ಮೂರನೆಯವನು ಇಳಿದು ಜಾಗ ಮುಚ್ಚುವುದು, ಇವೆಲ್ಲ ವರ್ಷಗಟ್ಟಲೆ ಒಟ್ಟಿಗೆ ಆಡಿದವರಿಗೆ ಬರುವ ವಿದ್ಯೆ. ಅದನ್ನು ಬೇಸಿಗೆಯ ಕೆಲವು ವಾರಗಳಲ್ಲಿ ಕಲಿಸಬೇಕು.

ಕೋಚ್‌ಗಳಿಗೂ ಕರೆ ಬರುತ್ತದೆ. ಮರಿ ಸ್ಟೇಟ್ ಪಂದ್ಯವಾದ ಕೆಲವೇ ದಿನಗಳಲ್ಲಿ ಗೋಲ್ಡನ್ ಫ್ಲಾರಿಡಾ ವಿಶ್ವವಿದ್ಯಾಲಯಕ್ಕೆ ಹೋದರು. 2025ರ ಏಪ್ರಿಲ್‌ನಲ್ಲಿ ಅವರ ಫ್ಲಾರಿಡಾ ತಂಡ ಹ್ಯೂಸ್ಟನ್ ಅನ್ನು 65–63ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅವರ ಜಾಗಕ್ಕೆ ಬಂದವರು ಅವರದೇ ಸಹಾಯಕ ಕ್ರಿಸ್ ಗರ್ಲುಫ್‌ಸನ್. ಗೆಲುವಿನ ದೇಣಿಗೆಯಿಂದ ಎದ್ದ 1958ರ ಆ ಜಿಮ್ನೇಸಿಯಂನಲ್ಲೇ ಡಾನ್ಸ್ ಈಗಲೂ ಆಡುತ್ತಾರೆ.